ಪಿಕಪ್ಪಿಗೆ ಹಿಮದ ಬ್ಲೇಡು: ಮೊದಲು ತೂಕ, ಆಮೇಲೆ ಬೋಲ್ಟು

ನಮ್ಮ ಚಳ್ಳಕೆರೆ ಸೀಮೆಯಲ್ಲಿ ಮಳೆಯೇ ಸರಿಯಾಗಿ ಬೀಳುವುದಿಲ್ಲ, ಇನ್ನು ಹಿಮದ ಮಾತೆಲ್ಲಿ ಬಂತು! ಏಳು ಎಕರೆ ಬೆದ್ದಲಿನಲ್ಲಿ ಶೇಂಗಾ, ತೊಗರಿ ಬೆಳೆಯುವ, ಏಳನೇ ಕ್ಲಾಸು ಓದಿದ ನಾನು ಹಿಮ ತಳ್ಳುವ ಬ್ಲೇಡಿನ ಬಗ್ಗೆ ಬರೆಯಲು ಕೂತಿದ್ದೇನೆ ಅಂದರೆ ಓದುಗರಿಗೆ ನಗು ಬರಬಹುದು. ಆದರೆ ಕಾರಣ ಇದೆ. ಅಲ್ಲಿ ಕಣ್ಣಾರೆ ನೋಡಿ, ಕೈಯಾರೆ ಮಾಡಿದ ಕೆಲಸದಲ್ಲಿ ನಮ್ಮ ಟ್ರ್ಯಾಕ್ಟರಿಗೂ ಬೇಕಾದ ಒಂದು ಪಾಠ ಸಿಕ್ಕಿತು. ಆ ಪಾಠ ನನಗೆ 2009ರಲ್ಲೇ ತಲೆಗೆ ಹೋಗಿದ್ದರೆ ನನ್ನ ತಮ್ಮ ಇವತ್ತು ಕುಂಟಬೇಕಾಗಿರಲಿಲ್ಲ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮಗಳ ಬಾಣಂತನಕ್ಕೆ ಅಂತ 2023ರ ಅಕ್ಟೋಬರಿನಲ್ಲಿ ನಾನೂ ನಮ್ಮ ಮನೆಯವಳೂ ಅಮೆರಿಕಕ್ಕೆ ಹೋದೆವು. ಮಗಳು, ಅಳಿಯ ಇರುವುದು ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ದಕ್ಷಿಣಕ್ಕೆ, ಹಳ್ಳಿಗಾಡಿನಲ್ಲಿ. ದೊಡ್ಡ ರಸ್ತೆಯಿಂದ ಮನೆ ಬಾಗಿಲಿಗೆ 60 ಮೀಟರ್ ಉದ್ದದ ಜಲ್ಲಿ ದಾರಿ. ರಸ್ತೆ ಕಡೆಗೆ ಸ್ವಲ್ಪ ಇಳಿಜಾರು. ಈ 60 ಮೀಟರೇ ಇಡೀ ಕತೆ.

ಅಲ್ಲಿ ಹಿಮ ಬೀಳುವ ಬಗೆ

ಬಫಲೋ ಪಕ್ಕದಲ್ಲಿ ಈರೀ ಅಂತ ದೊಡ್ಡ ಸರೋವರ ಇದೆ. ನೋಡಲು ಸಮುದ್ರದ ಹಾಗೇ. ಚಳಿಗಾಲದ ಶುರುವಿನಲ್ಲಿ ಕೆರೆ ನೀರು ಇನ್ನೂ ಬೆಚ್ಚಗಿರುತ್ತದೆ, ಮೇಲೆ ಬೀಸುವ ಗಾಳಿ ಮಾತ್ರ ಕೊರೆಯುತ್ತಿರುತ್ತದೆ. ಆ ಗಾಳಿ ನೀರಿನ ಆವಿಯನ್ನು ಹೀರಿಕೊಂಡು ಬಂದು ಈಚೆ ದಡದ ಊರುಗಳ ಮೇಲೆ ಹಿಮವಾಗಿ ಸುರಿಯುತ್ತದೆ. ಅದೂ ಪಟ್ಟೆ ಪಟ್ಟೆಯಾಗಿ. ನಮ್ಮಲ್ಲಿ ಬದುವಿನ ಈಚೆ ಮಳೆ, ಆಚೆ ಬಿಸಿಲು ಅಂತೀವಲ್ಲ, ಹಾಗೇ ಒಂದು ಊರಿಗೆ ಸೊಂಟದುದ್ದ ಬಿದ್ದರೆ ಪಕ್ಕದ ಊರಿಗೆ ಗೇಣುದ್ದವೂ ಇರುವುದಿಲ್ಲ. ಕೆರೆ ಹೆಪ್ಪುಗಟ್ಟಿದ ಮೇಲೆ ಈ ಕಾಟ ಕಮ್ಮಿಯಾಗುತ್ತದೆ.

2022ರ ನವೆಂಬರಿನಲ್ಲಿ ಬಫಲೋದ ದಕ್ಷಿಣದ ಕೆಲವು ಊರುಗಳಲ್ಲಿ ಮೂರು ನಾಲ್ಕು ದಿನದಲ್ಲಿ 6 ಅಡಿಗಿಂತ ಹೆಚ್ಚು ಹಿಮ ಬಿದ್ದಿತ್ತು. ಅದೇ ವರ್ಷ ಡಿಸೆಂಬರಿನ ಹಿಮಗಾಳಿಗೆ ಆ ಜಿಲ್ಲೆಯಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಕಾರಿನಲ್ಲಿ ಸಿಕ್ಕಿಕೊಂಡು ಸತ್ತವರಿದ್ದರು, ಆಂಬ್ಯುಲೆನ್ಸ್ ಬರಲಾಗದೆ ಮನೆಯಲ್ಲೇ ಸತ್ತವರಿದ್ದರು, ಸಲಿಕೆ ಹಿಡಿದು ಹಿಮ ಎತ್ತುವಾಗ ಎದೆ ಹಿಡಿದುಕೊಂಡು ಸತ್ತವರೂ ಇದ್ದರು. ದೊಡ್ಡ ರಸ್ತೆಯನ್ನು ಸರ್ಕಾರದವರೇ ಗುಡಿಸುತ್ತಾರೆ, ಮನೆ ದಾರಿ ಮನೆಯವರ ಪಾಲು. ರಸ್ತೆಯ ಲಾರಿ ಹೋಗುವಾಗ ನಮ್ಮ ದಾರಿಯ ಬಾಯಿಗೆ ಒಂದು ಬದುವನ್ನೇ ಒಟ್ಟಿ ಹೋಗುತ್ತದೆ. ಅದು ರಾತ್ರಿ ಗಟ್ಟಿಯಾದರೆ ಬೆಳಿಗ್ಗೆ ಹಾರೆ ಬೇಕು.

ಮನೆಯಲ್ಲಿ ತುಂಬಿದ ಬಸುರಿ. ಡಾಕ್ಟರು ಹೇಳಿದ್ದು ಜನವರಿ ಕೊನೆ. ದಾರಿ ತೆಗೆಯಲು ಬಾಡಿಗೆಯವನು ಒಂದು ಸಲಕ್ಕೆ 50 ಡಾಲರ್ ತೆಗೆದುಕೊಳ್ಳುತ್ತಿದ್ದ. ಕೊಡೋಣ, ಆದರೆ ಎಲ್ಲರ ಮನೆ ಮುಗಿಸಿ ನಮ್ಮದಕ್ಕೆ ಬರುವಾಗ ಮಧ್ಯಾಹ್ನ. ಅದಕ್ಕೇ ಅಳಿಯಂದಿರು ತಮ್ಮ ನಡುಗಾತ್ರದ ಪಿಕಪ್ಪಿಗೆ ಬ್ಲೇಡು ಕಟ್ಟಿಸುವ ಯೋಚನೆ ಮಾಡಿದರು. ಹಳೇ ಬ್ಲೇಡು, ಹೊಸ ಬ್ರಾಕೆಟ್ಟು ಸೇರಿ 1,900 ಡಾಲರ್ ಆಯಿತು. ಕೂಡಿಸುವ ಕೆಲಸ ನಾನೂ ಅವರೂ ಸೇರಿ ಶೆಡ್ಡಿನಲ್ಲೇ ಮಾಡಿದೆವು. ಎರಡು ಭಾನುವಾರ ಹಿಡಿಯಿತು.

ಮೊದಲ ದಿನವೇ ಜಾರಿದ್ದು

ಬ್ಲೇಡು 6 ಅಡಿ 8 ಇಂಚು ಅಗಲ. ಅದರ ಕಬ್ಬಿಣ, ಎತ್ತುವ ಮೋಟಾರು ಎಲ್ಲ ಸೇರಿ 150 ಕೆ.ಜಿ. ಕೂಡಿಸಿ, ಎತ್ತಿ ನಿಲ್ಲಿಸಿದಾಗ ಗಾಡಿಯ ಮೂತಿ ಬಗ್ಗಿತು. ಕಿಟಕಿಯಲ್ಲಿ ನಿಂತಿದ್ದ ನಮ್ಮ ಮನೆಯವಳು, "ಇದೇನ್ರೀ, ಮುಂಭಾರ ಆದ ಗಾಡಿ ಇದ್ದಂಗೈತಲ್ಲ" ಅಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಳಿಯಂದಿರು, "ಮಾವ, ಫೋರ್ ವೀಲ್ ಡ್ರೈವ್ ಗಾಡಿ, ಏನೂ ಆಗಲ್ಲ" ಅಂದರು.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ನಾಲ್ಕು ಇಂಚು ಹಿಮ. ಮಗಳನ್ನು ತಪಾಸಣೆಗೆ ಕರೆದುಕೊಂಡು ಹೋಗಬೇಕಿತ್ತು. ಬ್ಲೇಡು ಎತ್ತಿಕೊಂಡು ಇಳಿಜಾರಿನಲ್ಲಿ ಬರುತ್ತಾ ಅಳಿಯಂದಿರು ಬ್ರೇಕು ಒತ್ತಿದರು. ಹಿಂಭಾಗ ಎಮ್ಮೆ ಬಾಲ ಬೀಸಿದ ಹಾಗೆ ಪಕ್ಕಕ್ಕೆ ಬೀಸಿತು. ಗಾಡಿ ಅಡ್ಡಲಾಗಿ ಜಾರಿ, ರಸ್ತೆ ಬದಿಯ ಚರಂಡಿಗೆ ಎರಡು ಮೊಳ ಇರುವಾಗ ನಿಂತಿತು. ರಸ್ತೆಯಲ್ಲಿ ದೊಡ್ಡ ಲಾರಿ ಬರುತ್ತಿತ್ತು. ಪಕ್ಕದ ಸೀಟಿನಲ್ಲಿ ಮಗಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಕೂಗೋಣ ಅಂದರೆ ದನಿ ಬರಲಿಲ್ಲ.

ಆವತ್ತು ಮನೆಯವಳು ಏನೂ ಅನ್ನಲಿಲ್ಲ. ಸಾಯಂಕಾಲ ನಾನೇ ಟೇಪು ಹಿಡಿದು ಶೆಡ್ಡಿಗೆ ಹೋದೆ.

ಎತ್ತಿನ ಗಾಡಿಯ ಲೆಕ್ಕ

ಗಾಡಿ ಹೂಡಿದವರಿಗೆಲ್ಲ ಇದು ಗೊತ್ತು. ಹೇರು ಅಚ್ಚಿನ ಮುಂದಕ್ಕೆ ಜಾಸ್ತಿಯಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂದಕ್ಕೆ ಜಾಸ್ತಿಯಾದರೆ ಮೂಕಿ ಮೇಲೆದ್ದು ಜತ್ತಿಗೆ ಎತ್ತಿನ ಕೊರಳು ಬಿಗಿಯುತ್ತದೆ. ಹೇರಿನ ತೂಕ ಎಷ್ಟು ಅನ್ನುವುದು ಒಂದು, ಆ ತೂಕ ಎಲ್ಲಿ ಕೂತಿದೆ ಅನ್ನುವುದು ಇನ್ನೊಂದು. ಪಿಕಪ್ಪಿಗೆ ಎರಡು ಅಚ್ಚು ಇದೆ, ಅಷ್ಟೇ ವ್ಯತ್ಯಾಸ.

ನಾನು ಅಳೆದದ್ದು ಹೀಗಿದೆ. ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ 128 ಇಂಚು. ಮುಂದಿನ ಅಚ್ಚಿನಿಂದ ಬ್ಲೇಡಿನ ನಡುಭಾರಕ್ಕೆ, ಅಂದರೆ ಅದರ ತೂಕವೆಲ್ಲ ಸಮತೂಗುವ ಜಾಗಕ್ಕೆ, 48 ಇಂಚು. ಬ್ಲೇಡಿನ 150 ಕೆ.ಜಿ.ಯನ್ನು 48ರಿಂದ ಗುಣಿಸಿ 128ರಿಂದ ಭಾಗಿಸಿದರೆ 56 ಕೆ.ಜಿ. ಬರುತ್ತದೆ. ಇಷ್ಟು ಭಾರ ಹಿಂದಿನ ಚಕ್ರದಿಂದ ಎದ್ದುಹೋಗುತ್ತದೆ. ಎದ್ದ ಭಾರ ಎಲ್ಲಿಗೆ ಹೋಗುತ್ತದೆ? ಮುಂದಿನ ಚಕ್ರಕ್ಕೇ. ಆದ್ದರಿಂದ ಮುಂದಿನ ಅಚ್ಚಿಗೆ ಬಿದ್ದದ್ದು 150 ಅಲ್ಲ, 206 ಕೆ.ಜಿ.

ಪಿಕಪ್ಪಿನ ಹಿಂದಿನ ತೊಟ್ಟಿ ಖಾಲಿ ಇದ್ದರೆ ಅದರ ಹಿಂಭಾಗ ಮೊದಲೇ ಹಗುರ. ಅದರಲ್ಲಿ ಇನ್ನೂ 56 ಕೆ.ಜಿ. ಕಳೆದು, ಇಳಿಜಾರಿನಲ್ಲಿ ಬ್ರೇಕು ಹಾಕಿದರೆ ಹಿಂದಿನ ಚಕ್ರಕ್ಕೆ ನೆಲ ಕಚ್ಚಲು ಭಾರವೇ ಇರುವುದಿಲ್ಲ. ಫೋರ್ ವೀಲ್ ಡ್ರೈವ್ ಗಾಡಿಯನ್ನು ಹೊರಡಿಸುತ್ತದೆ, ನಿಲ್ಲಿಸಲು ಅದರಿಂದ ಹೆಚ್ಚು ಸಹಾಯ ಇಲ್ಲ.

ಇನ್ನು ಮುಂದಿನ ಅಚ್ಚು ಎಷ್ಟು ತಡೆಯುತ್ತದೆ? ಅಲ್ಲಿನ ಗಾಡಿಗಳಿಗೆ ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತದೆ. ಮುಂದಿನ ಅಚ್ಚಿಗೆ ಎಷ್ಟು, ಹಿಂದಿನ ಅಚ್ಚಿಗೆ ಎಷ್ಟು, ಒಟ್ಟು ಎಷ್ಟು ಅಂತ ಬರೆದಿರುತ್ತದೆ. ನಮ್ಮ ಗಾಡಿಯದು ಮುಂದಕ್ಕೆ 3,000 ಪೌಂಡು, ಅಂದರೆ 1,361 ಕೆ.ಜಿ. ಲಾರಿ ತೂಗುವ ವೇಬ್ರಿಡ್ಜಿಗೆ ಬ್ಲೇಡಿಲ್ಲದೆ ಹೋಗಿ, ಡ್ರೈವರನ್ನು ಕೂರಿಸಿ ಮುಂದಿನ ಚಕ್ರ ಮಾತ್ರ ತೂಗಿದಾಗ 1,130 ಕೆ.ಜಿ. ಬಂತು. ಅದಕ್ಕೆ 206 ಸೇರಿದರೆ 1,336. ಮಿತಿಗೆ ಉಳಿದದ್ದು ಬರೀ 25 ಕೆ.ಜಿ. ಪಕ್ಕದಲ್ಲಿ ಒಬ್ಬರು ಕೂತರೆ ಅದೂ ಮುಗಿಯಿತು.

ಮದ್ದು ಸುಲಭ. ತೊಟ್ಟಿಯ ತುದಿಯಲ್ಲಿ, ಹಿಂದಿನ ಅಚ್ಚಿನಿಂದ 36 ಇಂಚು ಹಿಂದೆ, 150 ಕೆ.ಜಿ. ಮರಳು ಚೀಲ ಹಾಕಿದೆವು. 150ನ್ನು 36ರಿಂದ ಗುಣಿಸಿ 128ರಿಂದ ಭಾಗಿಸಿದರೆ 42. ಅಷ್ಟು ಭಾರ ಮುಂದಿನ ಅಚ್ಚಿನಿಂದ ಇಳಿಯಿತು. ಹಿಂದಿನ ಅಚ್ಚಿಗೆ ಮರಳಿನ 150ರ ಜೊತೆ ಈ 42ವೂ ಸೇರಿತು. ಮುಂದಿನದು 1,294ಕ್ಕೆ ಬಂತು. ಹಿಂದಿನದರ ಮಿತಿಯನ್ನೂ ಚೀಟಿಯಲ್ಲಿ ನೋಡಿಕೊಂಡೆವು, ತೊಂದರೆ ಇರಲಿಲ್ಲ. ಇದೇ ಮರಳನ್ನು ತೊಟ್ಟಿಯ ಮುಂಭಾಗದಲ್ಲಿ, ಕ್ಯಾಬಿನ್ ಹತ್ತಿರ ಹಾಕಿದ್ದರೆ ಅದು ಮುಂದಿನ ಅಚ್ಚಿಗೂ ಪಾಲು ಕೊಡುತ್ತಿತ್ತು. ಮರದ ಚೌಕಟ್ಟು ಮಾಡಿ ಚೀಲ ಅಲುಗದ ಹಾಗೆ ಕಟ್ಟಬೇಕು. ಕಟ್ಟದಿದ್ದರೆ ಬ್ರೇಕು ಹಾಕಿದಾಗ ನಮ್ಮ ಬೆನ್ನಿಗೇ ಬರುತ್ತದೆ.

ಕಟ್ಟುವಾಗ ನೋಡಬೇಕಾದದ್ದು

ಮೊದಲು ಗಾಡಿಯ ಪುಸ್ತಕ ಓದಬೇಕು. ಸಣ್ಣ ಮತ್ತು ನಡುಗಾತ್ರದ ಪಿಕಪ್ಪುಗಳಿಗೆ ಬ್ಲೇಡು ಬೇಡ ಅಂತಲೇ ಕೆಲವು ತಯಾರಕರು ಬರೆದಿರುತ್ತಾರೆ. ಹಾಗಿದ್ದರೆ ಕಟ್ಟಬಾರದು. ವಾರಂಟಿಯೂ ಹೋಗುತ್ತದೆ, ಗಾಡಿಯೂ ಹೋಗುತ್ತದೆ.

ಬ್ರಾಕೆಟ್ಟು ಆ ಗಾಡಿಗೇ ಮಾಡಿದ್ದಾಗಿರಬೇಕು. ಅದು ಚಾಸಿಗೆ, ಇರುವ ತೂತುಗಳಲ್ಲೇ ಬೋಲ್ಟಾಗಿ ಕೂರಬೇಕು. ಬಂಪರಿಗೆ ಕಟ್ಟಬಾರದು. ಚಾಸಿಗೆ ವೆಲ್ಡಿಂಗ್ ಮಾಡುವುದು, ಹೊಸ ತೂತು ಕೊರೆಯುವುದು ಬೇಡ. ಮೂತಿಯ ಒಳಗೆ ಏರ್‌ಬ್ಯಾಗಿನ ಸೆನ್ಸರ್ ಇರುತ್ತದೆ, ಅದನ್ನು ಮುಟ್ಟಬಾರದು. ಬೋಲ್ಟುಗಳು ಬ್ರಾಕೆಟ್ಟಿನ ಜೊತೆ ಬಂದ ಗಟ್ಟಿ ಬೋಲ್ಟುಗಳೇ ಆಗಬೇಕು. ಅಂಗಡಿಯ ಮೆತ್ತನೆ ಬೋಲ್ಟು ಹಾಕಿದರೆ ಒಂದು ಕಲ್ಲಿಗೆ ತುಂಡಾಗುತ್ತದೆ. ಮೊದಲ ಸಲ ತಳ್ಳಿದ ಮೇಲೆ ಎಲ್ಲವನ್ನೂ ಮತ್ತೊಮ್ಮೆ ಬಿಗಿ ಮಾಡಬೇಕು. ನಮ್ಮದರಲ್ಲಿ ಎರಡು ಸಡಿಲವಾಗಿದ್ದವು.

ಎತ್ತುವ ಮೋಟಾರು ಬ್ಯಾಟರಿಯಿಂದ ಜೋರು ಕರೆಂಟು ಎಳೆಯುತ್ತದೆ. ದಪ್ಪ ವೈರು ಬೇಕು, ಬ್ಯಾಟರಿ ಪಕ್ಕದಲ್ಲೇ ಫ್ಯೂಸು ಬೇಕು. ಚಳಿಗೆ ಬ್ಯಾಟರಿಯ ಶಕ್ತಿ ಕುಂದುವುದರಿಂದ ಹಳೇ ಬ್ಯಾಟರಿ ಇದಕ್ಕೆ ಸಾಲದು. ಎತ್ತಿದ ಬ್ಲೇಡು ದೀಪಕ್ಕೆ ಅಡ್ಡ ಬಂದರೆ ಮೇಲೆ ಬೇರೆ ದೀಪ ಹಾಕಬೇಕು. ರೇಡಿಯೇಟರಿಗೂ ಗಾಳಿ ಕಮ್ಮಿಯಾಗುವುದರಿಂದ ಬ್ಲೇಡು ಎತ್ತಿಕೊಂಡು ದೂರ ಓಡಿಸುವಾಗ ಎಂಜಿನ್ ಕಾಯುವ ಮುಳ್ಳಿನ ಮೇಲೆ ಕಣ್ಣಿರಬೇಕು.

ಬ್ಲೇಡಿನ ಬೆನ್ನಿಗೆ ಸ್ಪ್ರಿಂಗುಗಳಿವೆ. ಅಂಚು ಕಲ್ಲಿಗೆ ತಾಗಿದರೆ ಬ್ಲೇಡು ಮುಂದಕ್ಕೆ ಮುಗ್ಗರಿಸಿ, ಕಲ್ಲು ದಾಟಿ, ಮತ್ತೆ ನೆಟ್ಟಗಾಗುತ್ತದೆ. ನಮ್ಮ ಸ್ಪ್ರಿಂಗ್ ಕಲ್ಟಿವೇಟರಿನ ಹಲ್ಲು ಕಲ್ಲಿಗೆ ಹಿಂದೆ ಸರಿಯುವಂತೆಯೇ. ಸ್ಪ್ರಿಂಗನ್ನು ಜಾಸ್ತಿ ಬಿಗಿ ಮಾಡಿದರೆ ಪೆಟ್ಟು ನೇರವಾಗಿ ಚಾಸಿಗೆ ಹೋಗುತ್ತದೆ. ಅಡಿಯಲ್ಲಿ ಎರಡು ಕಬ್ಬಿಣದ ಪಾದಗಳಿರುತ್ತವೆ. ಜಲ್ಲಿ ದಾರಿಯಾದ್ದರಿಂದ ನಾವು ಅಂಚು ನೆಲದಿಂದ ಒಂದೂವರೆ ಇಂಚು ಮೇಲಿರುವ ಹಾಗೆ ಪಾದ ಕೂರಿಸಿದೆವು. ಇಲ್ಲದಿದ್ದರೆ ಹಿಮದ ಜೊತೆ ಜಲ್ಲಿಯೂ ಹುಲ್ಲಿಗೆ ಹೋಗುತ್ತದೆ. ನೆಲ ಹೆಪ್ಪುಗಟ್ಟುವ ಮೊದಲೇ ದಾರಿಯ ಎರಡೂ ಬದಿಗೆ ಗಳ ನೆಟ್ಟು ಗುರುತು ಮಾಡಬೇಕು. ಹಿಮ ಬಿದ್ದ ಮೇಲೆ ಚರಂಡಿ ಯಾವುದು, ದಾರಿ ಯಾವುದು ತಿಳಿಯುವುದಿಲ್ಲ.

ತಳ್ಳುವ ರೀತಿ

ಹಿಮ ಅರಳೆಯ ಹಾಗೆ ಕಾಣುತ್ತದೆ, ತೂಕ ಅರಳೆಯದಲ್ಲ. ನಮ್ಮ ದಾರಿ 60 ಮೀಟರ್ ಉದ್ದ, 3 ಮೀಟರ್ ಅಗಲ. 15 ಸೆಂ.ಮೀ. ಬಿದ್ದರೆ 27 ಘನ ಮೀಟರ್. ಹೊಸ ಹಿಮ ಘನ ಮೀಟರಿಗೆ 100 ಕೆ.ಜಿ. ಅಂದುಕೊಂಡರೂ 2,700 ಕೆ.ಜಿ., ಒಂದು ಟ್ರೈಲರ್ ಗೋಡಿನಷ್ಟು. ನೀರಾಡಿದ ಹಿಮ ಇದರ ಎರಡು ಮೂರು ಪಟ್ಟು ತೂಗುತ್ತದೆ. ಅದಕ್ಕೇ ಒಂದು ಅಡಿ ಬೀಳಲಿ ಅಂತ ಕಾಯಬಾರದು. ಮೂರು ನಾಲ್ಕು ಇಂಚು ಬಿದ್ದ ಕೂಡಲೇ ಒಂದು ಸಲ ತಳ್ಳಬೇಕು, ಮತ್ತೆ ಬಿದ್ದರೆ ಮತ್ತೆ ತಳ್ಳಬೇಕು. ಕಳೆ ಚಿಕ್ಕದಿರುವಾಗ ಕುಂಟೆ ಹೊಡೆದ ಹಾಗೆ.

ಮೊದಲ ಹಿಮವನ್ನು ದಾರಿಯ ಅಂಚಿಗೇ ಬಿಡದೆ ಇನ್ನೂ ಆಚೆಗೆ ನೂಕಬೇಕು. ಅಂಚಿನಲ್ಲೇ ಬಿಟ್ಟರೆ ಅದು ಕಲ್ಲಾಗಿ, ಜನವರಿ ಹೊತ್ತಿಗೆ ದಾರಿ ಗಾಡಿ ಹಿಡಿಯದಷ್ಟು ಕಿರಿದಾಗುತ್ತದೆ. ದೊಡ್ಡ ರಸ್ತೆಗೆ ತಳ್ಳುವುದು ಅಲ್ಲಿ ಕಾನೂನಿಗೆ ವಿರುದ್ಧ. ಆಳು ನಡೆಯುವ ವೇಗ, ಅದಕ್ಕಿಂತ ಸ್ವಲ್ಪ ಜಾಸ್ತಿ ಸಾಕು. ರಭಸದಿಂದ ಗುದ್ದಬಾರದು. ಹಿಂದಕ್ಕೆ ಬರುವ ಮೊದಲು ಗಾಡಿ ಪೂರ್ತಿ ನಿಲ್ಲಿಸಿ, ಬ್ಲೇಡು ಎತ್ತಿ, ಆಮೇಲೆ ಗೇರು. ಮನೆಯವರು ಸುತ್ತ ಇದ್ದಾರಾ ಅಂತ ನೋಡಬೇಕು. ಎತ್ತಿದ ಬ್ಲೇಡಿನ ಅಡಿ ಕೈ ಕಾಲು ಹಾಕಬಾರದು. ಕೆಲಸ ಮುಗಿದ ಕೂಡಲೇ ಬ್ಲೇಡು ನೆಲಕ್ಕೆ. ಹಿಮದಲ್ಲಿ ನಿಂತ ಗಾಡಿ ಚಾಲೂ ಮಾಡುವ ಮೊದಲು ಸೈಲೆನ್ಸರ್ ಬಾಯಿ ಬಿಡಿಸಬೇಕು. ಮುಚ್ಚಿಕೊಂಡರೆ ಹೊಗೆಯ ವಿಷಗಾಳಿ ಒಳಗೇ ನುಗ್ಗುತ್ತದೆ. ಅದರಿಂದ ಜನ ಸತ್ತಿದ್ದಾರೆ.

2024ರ ಜನವರಿ ಮಧ್ಯದಲ್ಲಿ ದೊಡ್ಡ ಹಿಮ ಬಂತು. ಎರಡು ಹಗಲು ಎರಡು ರಾತ್ರಿ ಅಳಿಯಂದಿರು ನಾಲ್ಕು ನಾಲ್ಕು ಗಂಟೆಗೊಮ್ಮೆ ಎದ್ದು ತಳ್ಳಿದರು. ನಾನು ಬ್ಯಾಟರಿ ಹಿಡಿದು ಗಳಗಳ ಗುರುತು ತೋರಿಸಿದೆ. ಮೂರನೇ ದಿನ ಬೆಳಗಿನ ಜಾವ ಮಗಳಿಗೆ ನೋವು ಬಂತು, ಹೇಳಿದ ದಿನಕ್ಕಿಂತ ಮೊದಲೇ. ದಾರಿ ತೆರೆದಿತ್ತು. ಬ್ಲೇಡನ್ನು ಶೆಡ್ಡಿನಲ್ಲೇ ಕಳಚಿಟ್ಟು, ಮರಳು ಹಾಗೇ ಇಟ್ಟುಕೊಂಡು ಆಸ್ಪತ್ರೆಗೆ ಹೋದೆವು. ಇಳಿಜಾರಿನಲ್ಲಿ ಗಾಡಿ ಒಂದು ಗೇಣೂ ಜಾರಲಿಲ್ಲ. ಹೆಣ್ಣು ಕೂಸು, ಇಬ್ಬರೂ ಕ್ಷೇಮ.

ಇನ್ನು ನಮ್ಮ ಟ್ರ್ಯಾಕ್ಟರು

2009ರ ಬೇಸಿಗೆಯಲ್ಲಿ ನಮ್ಮೂರ ಕೆರೆಯಿಂದ ಹೊಲಕ್ಕೆ ಗೋಡು ಹೊಡೆಯುತ್ತಿದ್ದೆವು. ಒಂದು ಟ್ರೈಲರು ಹೂತುಕೊಂಡಿತು. ಎಳೆಯಲು ನಮ್ಮ ಟ್ರ್ಯಾಕ್ಟರು ತಂದೆವು. ಡ್ರಾಬಾರಿನ ಪಿನ್ನು ಬಾಗಿತ್ತು, ಸರಪಳಿ ಹಿಡಿಯಲಿಲ್ಲ. ನಾನು ಅದನ್ನು ಮೇಲೆ, ಟಾಪ್ ಲಿಂಕ್ ಕೂರುವ ಜಾಗಕ್ಕೆ ಸಿಕ್ಕಿಸಿ, "ಬಿಡೋ" ಅಂದೆ. ತಮ್ಮ ಕ್ಲಚ್ಚು ಬಿಟ್ಟ. ಮುಂದಿನ ಚಕ್ರ ಎದ್ದವು, ಟ್ರ್ಯಾಕ್ಟರು ನೆಟ್ಟಗೆ ನಿಂತು ಹಿಂದಕ್ಕೆ ಬಿತ್ತು. ಅವನು ಪಕ್ಕಕ್ಕೆ ಹಾರಿದ್ದರಿಂದ ಜೀವ ಉಳಿಯಿತು. ಬಲಗಾಲು ಮಡ್‌ಗಾರ್ಡಿನ ಅಡಿ ಸಿಕ್ಕಿ ಎರಡು ಕಡೆ ಮುರಿಯಿತು. ಊರವರೆಲ್ಲ ಗ್ರಹಚಾರ ಅಂದರು. ನಾನೂ ಅಷ್ಟು ವರ್ಷ ಹಾಗೇ ಅಂದುಕೊಂಡಿದ್ದೆ. ಪಿಕಪ್ಪಿನ ಪಕ್ಕ ಟೇಪು ಹಿಡಿದು ಕೂತ ಸಾಯಂಕಾಲ ಗೊತ್ತಾಯಿತು, ಅದು ಗ್ರಹಚಾರ ಅಲ್ಲ, ನಾನು ಸರಪಳಿ ಕಟ್ಟಿದ ಜಾಗ.

ಪಿಕಪ್ಪಿಗೆ ಮುಂಭಾರ ಆದರೆ ಹಿಂಭಾಗ ಜಾರುತ್ತದೆ. ಟ್ರ್ಯಾಕ್ಟರಿಗೆ ಹಿಂಭಾರ ಆದರೆ ಮುಂಭಾಗ ಏಳುತ್ತದೆ. ಲೆಕ್ಕ ಒಂದೇ. ನಮ್ಮ ಟ್ರ್ಯಾಕ್ಟರಿನ ಅಚ್ಚುಗಳ ನಡುವೆ 72 ಇಂಚು. ಬದು ಹಾಕುವ 200 ಕೆ.ಜಿ. ಬ್ಲೇಡು ಹಿಂದಿನ ಅಚ್ಚಿನಿಂದ 48 ಇಂಚು ಹಿಂದೆ ನೇತಾಡಿದರೆ ಮುಂದಿನ ಚಕ್ರದಿಂದ 133 ಕೆ.ಜಿ. ಏಳುತ್ತದೆ. ಅದರ ಮೇಲೆ ಏರು ಹತ್ತಿಸಿದರೆ ಇನ್ನೂ ಹಗುರ. ನಾನು ಈಗ ಪಾಲಿಸುವುದು ಇಷ್ಟು:

1. ಎಳೆಯುವ ಸರಪಳಿ ಯಾವತ್ತೂ ಡ್ರಾಬಾರಿಗೇ. ಟಾಪ್ ಲಿಂಕಿಗಾಗಲಿ, ಅಚ್ಚಿಗಿಂತ ಮೇಲಾಗಲಿ ಕಟ್ಟಬಾರದು. ಪಿನ್ನು ಬಾಗಿದ್ದರೆ ಹೊಸ ಪಿನ್ನು ತರುವವರೆಗೆ ಕೆಲಸ ನಿಲ್ಲಲಿ.

2. ಹಿಂದೆ ಸಾಮಾನು ಕಟ್ಟಿ ಎತ್ತಿದಾಗ ಒಟ್ಟು ತೂಕದ ಐದನೇ ಒಂದು ಪಾಲಾದರೂ ಮುಂದಿನ ಚಕ್ರದ ಮೇಲೆ ಇರಬೇಕು. ಕಮ್ಮಿಯಾದರೆ ಸ್ಟೀರಿಂಗ್ ಕೇಳುವುದಿಲ್ಲ. ವೇಬ್ರಿಡ್ಜಿನಲ್ಲಿ ಒಮ್ಮೆ ಮುಂದಿನ ಚಕ್ರ ಮಾತ್ರ, ಇನ್ನೊಮ್ಮೆ ಪೂರ್ತಿ ತೂಗಿಸಿದರೆ ಗೊತ್ತಾಗುತ್ತದೆ.

3. ಟ್ರ್ಯಾಕ್ಟರಿನ ಮೂತಿಗೆ ಬರುವ ತೂಕದ ತುಂಡುಗಳನ್ನು ಬಿಚ್ಚಿ ಗುಜರಿಗೆ ಹಾಕಬಾರದು.

4. ಮುಂದೆ ಡೋಜರ್ ಬ್ಲೇಡು ಕಟ್ಟುವವರು ಪಿಕಪ್ಪಿನ ಮದ್ದನ್ನೇ ಮಾಡಬೇಕು. ಹಿಂದೆ ಭಾರದ ಸಾಮಾನು ಕಟ್ಟಬೇಕು, ಇಲ್ಲವೇ ಹಿಂದಿನ ಟೈರಿಗೆ ಮುಕ್ಕಾಲು ಭಾಗ ನೀರು ತುಂಬಿಸಬೇಕು. ಮುಂದಿನ ಅಚ್ಚಿಗೆ ಎಷ್ಟು ತಡೆಯುತ್ತದೆ ಅಂತ ಕೇಳದೆ ವೆಲ್ಡಿಂಗ್ ಅಂಗಡಿಯಲ್ಲಿ ಕಟ್ಟಿಸಬಾರದು.

5. ಭಾರದ ಸಾಮಾನು ಹಿಂದೆ ಇದ್ದಾಗ ಕಡಿದಾದ ಏರನ್ನು ಹಿಂದಕ್ಕೆ ಹತ್ತಬೇಕು, ಇಳಿಯುವಾಗ ಮುಂದಕ್ಕೆ ಇಳಿಯಬೇಕು.

ಯುಗಾದಿಗೆ ಮೊದಲೇ ಊರಿಗೆ ಬಂದೆವು. ತಮ್ಮನಿಗೆ ಮೊಮ್ಮಗಳ ಫೋಟೋ ತೋರಿಸಿದೆ, ಆಮೇಲೆ ಈ ಲೆಕ್ಕವನ್ನೂ ನೆಲದ ಮೇಲೆ ಗೀಚಿ ತೋರಿಸಿದೆ. ಸರಪಳಿ ಕಟ್ಟಿದ್ದು ನನ್ನ ತಪ್ಪು ಅಂತಲೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣ, ಇದನ್ನ ನನ್ನ ಮಗನಿಗೆ ಮೊದ್ಲು ಹೇಳು, ಈಗ ಟ್ರ್ಯಾಕ್ಟರ್ ಹೊಡೆಯೋನು ಅವನು" ಅಂದ. ಹೇಳಿದೆ. ಡ್ರಾಬಾರಿಗೆ ಹೊಸ ಪಿನ್ನು ತಂದು ಹಾಕಿದ್ದೇವೆ. ಟೂಲ್ ಬಾಕ್ಸಿನಲ್ಲಿ ಇನ್ನೊಂದು ಇಟ್ಟಿದ್ದೇವೆ. ನೀವೂ ಇವತ್ತು ನಿಮ್ಮ ಪಿನ್ನು ಒಮ್ಮೆ ನೋಡಿಕೊಳ್ಳಿ.